ಹತ್ತು ಸೆಕೆಂಡಿನಲ್ಲಿ ನಿಂತ ಕಾಟ

ಕೆನಡಾದ ಟೊರೊಂಟೊ. ಶಾಲೆಯ ಆಟದ ಮೈದಾನ. ಮಕ್ಕಳ ಮೈಮೇಲೆ ಪುಟ್ಟ ಮೈಕು, ದೂರದಲ್ಲೊಂದು ಕ್ಯಾಮೆರಾ.

ಮನೋವಿಜ್ಞಾನಿಗಳಾದ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಸಂಗಡಿಗರು ನೋಡಹೊರಟಿದ್ದು ಇಷ್ಟೇ: ಒಂದು ಮಗು ಇನ್ನೊಂದನ್ನು ಪೀಡಿಸುವಾಗ ಸುತ್ತಲಿನವರು ಏನು ಮಾಡುತ್ತಾರೆ? 2001ರಲ್ಲಿ ಉತ್ತರ ಪ್ರಕಟವಾಯಿತು. ದಾಖಲಾದ 306 ಪ್ರಸಂಗಗಳ ಪೈಕಿ ಶೇ. 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅಡ್ಡ ಬಂದದ್ದು ಶೇ. 19ರಲ್ಲಿ ಮಾತ್ರ. ಮಿಕ್ಕಂತೆ ಕೋಳಿ ಅಂಕಕ್ಕೆ ನೆರೆದ ಜನರ ಹಾಗೆ, ಬರೀ ನೋಟ.

ಆದರೆ ಯಾರಾದರೂ ಅಡ್ಡ ಬಂದರೆ? ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತ್ತು!

ಫಿನ್‌ಲೆಂಡ್ ಕೂಡ ಇದೇ ಜಾಡು ಹಿಡಿಯಿತು. ಪುಂಡನ ಜೊತೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಮೆಲ್ಲಗೆ ಜಾರಿಕೊಳ್ಳುವವರು, ಕಾಪಾಡುವವರು ಎಂಬ ಪಾತ್ರಗಳನ್ನು ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಹೋದ್ಯೋಗಿಗಳು 1996ರಲ್ಲೇ ಗುರುತಿಸಿದ್ದರು. ಮುಂದೆ ತುರ್ಕು ವಿಶ್ವವಿದ್ಯಾಲಯದಲ್ಲಿ ಅವರ ತಂಡ ಕಟ್ಟಿದ್ದು 'ಕಿವಾ' ಕಾರ್ಯಕ್ರಮ. ಫಿನ್ನಿಷ್ ಭಾಷೆಯಲ್ಲಿ ಕಿವಾ ಎಂದರೆ 'ಚೆಂದ'. ಪಾಠ ಪುಂಡನೊಬ್ಬನಿಗಲ್ಲ, ಇಡೀ ತರಗತಿಗೆ.

2007ರಿಂದ 2009ರವರೆಗೆ 234 ಶಾಲೆಗಳಲ್ಲಿ ಇದರ ಪರೀಕ್ಷೆ ನಡೆಯಿತು. ಕಿರಿಯ ತರಗತಿಗಳಲ್ಲಿ ಕಾಟ ತಗ್ಗಿತು. ಹದಿಹರೆಯದವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ, ಬಿಡಿ.

ಕಾಟಕ್ಕೊಳಗಾದ ಮಗುವಿನ ಪಕ್ಕ ನಿಲ್ಲಲು ಕಿವಾ ಶಿಕ್ಷಕರು ಆರಿಸುವುದು ತರಗತಿಯಲ್ಲಿ ಎಲ್ಲರ ಮೆಚ್ಚಿನ ಎರಡರಿಂದ ನಾಲ್ಕು ಮಕ್ಕಳನ್ನು.