ಡೊಂಕು ಹಲಗೆಗೆ ನೇರ ಅಂಚು

ದಿಮ್ಮಿಯಿಂದ ಸೀಳಿ ತಂದ ಹಲಗೆಯ ಅಂಚು ನೇರವಾಗಿ ಉಳಿಯುವುದು ಅಪರೂಪ. ಒಣಗುವಾಗ ಮರವು ಎಲ್ಲೆಡೆಯೂ ಸಮನಾಗಿ ಕುಗ್ಗದ ಕಾರಣ ಅದು ಬಿಲ್ಲಿನಂತೆ ಬಾಗುವುದುಂಟು. ಅಂತಹ ಅಂಚನ್ನು ಚಕ್ರಗರಗಸದ ಮೇಜಿನ ಆಸರೆಪಟ್ಟಿಗೆ ಒತ್ತಿ ನೂಕಿದರೆ, ಹಲಗೆ ಓಲಾಡಿ ಗರಗಸಕ್ಕೆ ಸಿಕ್ಕಿಕೊಂಡು ನೂಕುವವನ ಮೇಲೆಯೇ ಚಿಮ್ಮೀತು. ಆದುದರಿಂದ ಹಲಗೆಯ ಮೇಲೆ ನೇರವಾದ ರೀಪೊಂದನ್ನು, ಅಂಚಿನಿಂದ ತುಸು ಹೊರಚಾಚುವಂತೆ ಮೊಳೆ ಹೊಡೆದು ಕೂರಿಸುವೆವು; ಮೊಳೆಗಳು ಗರಗಸದ ಹಾದಿಗೆ ಬರಬಾರದು. ಆಸರೆಗೆ ತಾಗಿ ಸರಿಯುವುದು ರೀಪು. ನೇರವಾಗಿ ಕೊಯ್ದು ಬರುವುದು ಹಲಗೆಯ ಮತ್ತೊಂದು ಅಂಚು.

ಆದರೆ ಆ ರೀಪೇ ನೇರವೆಂದು ಹೇಳಿದವರಾರು? ಸಮತಟ್ಟಾದ ಪ್ಲೈವುಡ್ಡಿನ ಮೇಲೆ ಅದರ ಅಂಚಿನ ಗುಂಟ ಸೀಸದಕಡ್ಡಿಯಿಂದ ಗೆರೆ ಎಳೆಯೋಣ. ಬಳಿಕ ಪುಸ್ತಕದ ಪುಟ ಮಗುಚಿದಂತೆ ರೀಪನ್ನು ಗೆರೆಯ ಆಚೆಗೆ ಮಗುಚಿ, ಅದೇ ಅಂಚನ್ನು ಗೆರೆಯ ಎರಡೂ ತುದಿಗಳಿಗೆ ಹೊಂದಿಸಿ, ಮತ್ತೊಮ್ಮೆ ಎಳೆಯೋಣ. ಅಂಚು ನೇರವಿದ್ದರೆ ಗೆರೆಗಳು ಒಂದಾಗುವುವು. ಇಲ್ಲವಾದರೆ ಡೊಂಕು ಇಮ್ಮಡಿಯಾಗಿ ಕಾಣುವುದು: ನಡುವಣ ಅಂತರ 2 ಮಿಲಿಮೀಟರಾದರೆ ದೋಷ 1 ಮಿಲಿಮೀಟರು. ಅಷ್ಟನ್ನು ಹತ್ತರಿಯಿಂದ ಸವರಿ ಪುನಃ ಪರೀಕ್ಷಿಸಬೇಕು.

ಎರಡು ರೀಪುಗಳ ಅಂಚುಗಳು ಬೆಳಕು ನುಸುಳದಂತೆ ಕೂಡಿಕೊಂಡರೂ ನಂಬುವಂತಿಲ್ಲ. ಒಂದು ಉಬ್ಬಿದ್ದಷ್ಟೇ ಇನ್ನೊಂದು ತಗ್ಗಿರಬಹುದು. ಲೋಹದ ಸಮತಲಗಳನ್ನು ಕುರಿತು 1840ರಲ್ಲಿ ಪ್ರಬಂಧ ಓದಿದ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ಎರಡಲ್ಲ, ಮೂರು ಫಲಕಗಳನ್ನು ಒಂದಕ್ಕೊಂದು ತಾಳೆ ನೋಡಿದುದು ಈ ಮೋಸವನ್ನು ತಪ್ಪಿಸಲೆಂದೇ.