ಖಾಲಿ ಮನೆ ಕೆಂಪಾಗುವುದೇಕೆ?

ಪ್ರಶ್ನೆ: ತರಗತಿಯ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. 35ಕ್ಕಿಂತ ಕಡಿಮೆ ಅಂಕಗಳಿಗೆ ಕೆಂಪು ಬಣ್ಣ ಬರುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಮಾಡಿದೆ. ಅಂಕವನ್ನೇ ತುಂಬದ ಮನೆಗಳೂ ಕೆಂಪಾದವು! ಯಾಕೆ?

ಉತ್ತರ: ನೀವು ಕೊಟ್ಟ ನಿಯಮ ಸರಿಯಾಗಿಯೇ ಇದೆ. ಆದರೆ ಹೋಲಿಕೆ ಮಾಡುವಾಗ ಎಕ್ಸೆಲ್ ಖಾಲಿ ಮನೆಯನ್ನು ಸೊನ್ನೆ ಎಂದು ಎಣಿಸುತ್ತದೆ. ಸೊನ್ನೆ 35ಕ್ಕಿಂತ ಕಡಿಮೆ, ಹಾಗಾಗಿ ಬಣ್ಣ ಬಂತು.

ಇದಕ್ಕಿಂತ ಅಪಾಯದ್ದು ಇದರ ಉಲ್ಟಾ ತಪ್ಪು. ಬೇರೆ ಕಡೆಯಿಂದ ನಕಲು ಮಾಡಿ ತಂದ ಪಟ್ಟಿಯಲ್ಲಿ 28 ಎಂಬುದು ಕೆಲವೊಮ್ಮೆ ಸಂಖ್ಯೆಯಾಗಿರದೆ ಬರೀ ಅಕ್ಷರವಾಗಿ ಕೂತಿರುತ್ತದೆ. ಅಕ್ಷರವನ್ನು ಎಕ್ಸೆಲ್ ಯಾವ ಸಂಖ್ಯೆಗಿಂತಲೂ ದೊಡ್ಡದೆಂದೇ ಲೆಕ್ಕ ಹಾಕುತ್ತದೆ. ಆಗ ಫೇಲಾದ ಮಗುವಿನ ಅಂಕಕ್ಕೆ ಬಣ್ಣವೇ ಬರುವುದಿಲ್ಲ, ಗಮನ ಬೇಕಾದ ಮಗುವೇ ನಮ್ಮ ಕಣ್ಣು ತಪ್ಪಿಸುತ್ತದೆ. 'ಗೈರು' ಎಂದು ಬರೆದ ಮನೆಯ ಕಥೆಯೂ ಅದೇ. ಅಂಕವಿರುವ ಮನೆಯ ಎಡ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಕಂಡರೆ, ಅದು ಅಕ್ಷರವಾಗಿ ಕೂತಿರಬಹುದೆಂದು ಅನುಮಾನಿಸಿ.

ಖಾಲಿ ಮನೆಗೆ ಪರಿಹಾರ ಸುಲಭ. ಅಂಕಗಳು ಸಿ2 ಮನೆಯಿಂದ ಶುರುವಾಗುತ್ತಿದ್ದರೆ, ಅಲ್ಲಿಂದ ಅವನ್ನು ಆಯ್ದುಕೊಂಡು, ಹಳೆಯ ನಿಯಮ ಅಳಿಸಿ, ಹೊಸ ನಿಯಮದಲ್ಲಿ ಸೂತ್ರದ ಆಯ್ಕೆ ಒತ್ತಿ, ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ: =ಆಂಡ್(ಈಸ್‌ನಂಬರ್(ಸಿ2),ಸಿ2<35). ಮನೆಯಲ್ಲಿ ನಿಜವಾಗಿ ಸಂಖ್ಯೆಯಿದ್ದು, ಅದು 35ಕ್ಕಿಂತ ಕಡಿಮೆಯಿದ್ದರೆ ಮಾತ್ರ ಬಣ್ಣ.

ಸಿ ಕಾಲಂನಲ್ಲಿರುವ ಒಂದು ವಿಷಯದ ಅಂಕ ನೋಡಿ ವಿದ್ಯಾರ್ಥಿಯ ಇಡೀ ಸಾಲೇ ಕೆಂಪಾಗಬೇಕೆ? ಎರಡನೇ ಸಾಲಿನಿಂದ ಪಟ್ಟಿಯನ್ನು ಪೂರ್ತಿ ಆಯ್ದುಕೊಂಡು, ಅದೇ ಸೂತ್ರದಲ್ಲಿ ಸಿ2 ಬರುವ ಎರಡೂ ಜಾಗದಲ್ಲಿ ಸಿ ಅಕ್ಷರಕ್ಕೆ ಮೊದಲು ಡಾಲರ್ ಚಿಹ್ನೆ ಹಾಕಿ.