ಹಂಗಳದ ದಾರಿಯಲ್ಲಿ ಒಂದು ಸಾವಕಾಶದ ಹಗಲು

ಮೈಸೂರಿನಿಂದ ಊಟಿಗೆ ಹೊರಟ ಪ್ರವಾಸಿಗರ ಪಾಲಿಗೆ ಗುಂಡ್ಲುಪೇಟೆ ಕಾಫಿಗೆ ನಿಲ್ಲುವ ಊರು, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹಾದಿಯಲ್ಲೇ ಮುಗಿಸಿಬಿಡುವ ದರ್ಶನ. ಬೆಟ್ಟವನ್ನೂ ಅದರ ಬುಡದ ಹೊಲಗಳನ್ನೂ ಒಂದೇ ಸೀಮೆಯೆಂದು ಬಗೆದು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಉಳಿಯುವವರಿಗೆ ಮಾತ್ರ ಅಲ್ಲಿನ ದೇವರು, ಕಾಡು, ಬೇಸಾಯ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದು ತಿಳಿಯುತ್ತದೆ. ಪೋರ್ಚುಗಲ್ಲಿನ ಅಲೆಂತೇಜು ಬಯಲಿನಲ್ಲಿ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುವ ಕಾರ್ಕ್ ಮರಗಳ ತೋಪು, ಸುಣ್ಣ ಬಳಿದ ಮನೆಗಳ ಹಳ್ಳಿ, ಆಲಿವ್ ತೋಟಗಳ ನಡುವೆ ಯಾವ ಆತುರವೂ ಇಲ್ಲದೆ ಒಂದು ಹಗಲು ಕಳೆಯುವುದಕ್ಕೆಂದೇ ಜನ ದೂರದಿಂದ ಬರುತ್ತಾರೆ. ಗುಂಡ್ಲುಪೇಟೆ ಸೀಮೆಗೆ ಅಂಥ ಖ್ಯಾತಿ ಬಂದಿಲ್ಲವಾದರೂ ನೋಡತಕ್ಕ ಸಂಗತಿಗಳಿಗೆ ಕೊರತೆಯಿಲ್ಲ.

ಗುಂಡ್ಲುಪೇಟೆಯಿಂದ ಊಟಿಯ ಹೆದ್ದಾರಿಯಲ್ಲಿ ಹಂಗಳದವರೆಗಿನ ದೂರ ಅಲ್ಪವೇ ಆದರೂ, ಮುಂಗಾರಿನ ತಿಂಗಳುಗಳಲ್ಲಿ ಅದನ್ನು ಬೇಗ ಕ್ರಮಿಸುವುದು ದಡ್ಡತನವೇ ಸರಿ. ಇಕ್ಕೆಲದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ, ಜೋಳ, ಅರಿಸಿನ, ಬಾಳೆ ಮತ್ತು ಸಾಂಬಾರ್ ಈರುಳ್ಳಿ ಎಂದು ಕರೆಯುವ ಸಣ್ಣ ಈರುಳ್ಳಿ ಒಂದರ ಮಗ್ಗುಲಿಗೊಂದು ಬೆಳೆದಿರುತ್ತವೆ. ಇಲ್ಲಿನ ಚೆಂಡುಹೂವಿನಲ್ಲಿ ಒಂದಷ್ಟು ಓಣಂ ಹಬ್ಬದ ರಂಗೋಲಿಗೆಂದು ಕೇರಳಕ್ಕೆ ಹೋದರೆ, ಉಳಿದದ್ದರಲ್ಲಿ ಬಹುಪಾಲನ್ನು ಕಾರ್ಖಾನೆಗಳು ಖರೀದಿಸಿ, ಅದರಿಂದ ಲ್ಯೂಟೀನ್ ಎಂಬ ಹಳದಿ ಬಣ್ಣದ ವಸ್ತುವನ್ನು ತೆಗೆಯುತ್ತವೆ. ಕೋಳಿಮೊಟ್ಟೆಯ ಭಂಡಾರಕ್ಕೆ ಗಾಢ ಬಣ್ಣ ಬರಲೆಂದು ಕೋಳಿಯ ಆಹಾರದಲ್ಲಿ ಬೆರೆಸುವುದು ಇದನ್ನೇ. ಅಪ್ಪಟ ನಾಟಿ ನೋಟವೆಂದು ಛಾಯಾಚಿತ್ರಗಳಲ್ಲಿ ಮೆರೆಯುವ ಈ ಹೊಲಗಳ ಚೆಂಡುಹೂವಾಗಲಿ ಸೂರ್ಯಕಾಂತಿಯಾಗಲಿ ಮೂಲತಃ ಅಮೆರಿಕ ಖಂಡದವು. ಅಲ್ಲೇ ಪಕ್ಕದಲ್ಲಿ ಬೆಳೆಯುವ ಮೆಣಸಿನಕಾಯಿಯೂ ಅಲ್ಲಿಯದೇ, ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರೇ.

ಹಂಗಳದಿಂದ ಕವಲೊಡೆಯುವ ರಸ್ತೆ ಬೆಟ್ಟದ ಬುಡದ ತನಿಖಾ ಠಾಣೆಯನ್ನು ತಲುಪುತ್ತಲೇ ಖಾಸಗಿ ವಾಹನಗಳ ಸಂಚಾರ ನಿಲ್ಲುತ್ತದೆ; ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಸರದಿಯಲ್ಲಿ ಕಾಯಬೇಕಾಗುತ್ತದೆಂದು ಗೊಣಗುವವರಿದ್ದಾರೆ, ಆದರೆ ಕಾಡಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕಟ್ಟಳೆ ಇನ್ನೊಂದಿಲ್ಲ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಅರಣ್ಯದ ಅತ್ಯುನ್ನತ ಸ್ಥಾನ. ಇಳಿಜಾರುಗಳಲ್ಲಿ ಹುಲ್ಲುಗಾವಲು, ನೀರು ಇಂಗುವ ಮಡಿಕೆಗಳಲ್ಲಿ ಗಿಡ್ಡನೆಯ ನಿತ್ಯಹರಿದ್ವರ್ಣ ಮರಗಳ ಗುಂಪು, ಹೀಗೆ ಎರಡೂ ಬೆರೆತಿರುವ ಬೆಟ್ಟಗಾಡು ಇದು; ಆ ಮರಗಳ ಗುಂಪನ್ನು ಶೋಲಾ ಎನ್ನುತ್ತಾರೆ. ಈ ಹುಲ್ಲು ಮಳೆನೀರನ್ನು ಹಿಡಿದಿಟ್ಟುಕೊಂಡು ಮೆಲ್ಲನೆ ಹಳ್ಳಗಳಿಗೆ ಬಿಡುವುದರಿಂದಲೇ ಕೆಳಗಿನ ಕೆರೆಗಳಿಗೂ ಕಾಡುಪ್ರಾಣಿಗಳಿಗೂ ನೀರು ಒದಗುತ್ತದೆ.

ನೆತ್ತಿಯ ಮೇಲಿನ ವೇಣುಗೋಪಾಲನ ಗುಡಿಯನ್ನು 1315ರ ಸುಮಾರಿಗೆ ಹೊಯ್ಸಳ ದೊರೆ ಬಲ್ಲಾಳನ ಕಾಲದಲ್ಲಿ ಕಟ್ಟಿಸಲಾಯಿತೆಂಬುದು ಪ್ರತೀತಿ. ಗರ್ಭಗುಡಿಯ ಬಾಗಿಲ ಮೇಲ್ಭಾಗದಲ್ಲಿ ಜಿನುಗುವ ಹನಿಗಳನ್ನು ಅರ್ಚಕರು ತೀರ್ಥವೆಂದು ಪ್ರೋಕ್ಷಿಸುತ್ತಾರೆ. ಬೆಟ್ಟವನ್ನೇರುವ ತೇವದ ಗಾಳಿ ತಣ್ಣಗಿನ ಕಲ್ಲಿಗೆ ತಾಗಿ ಹನಿಗಟ್ಟುವುದು ಇದರ ಭೌತಿಕ ಕಾರಣವಾಗಿದ್ದು, ಭಕ್ತರ ನಂಬಿಕೆಗೆ ಅದರಿಂದ ಯಾವ ಬಾಧಕವೂ ಆಗಿಲ್ಲ. ಇಲ್ಲಿನ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತೆಂದೂ, ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳು ಸುಳಿಯುವುದಿಲ್ಲವೆಂದೂ ಸ್ಥಳಪುರಾಣ ಹೇಳುತ್ತದೆ. ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇತಿಹಾಸದಲ್ಲಿದೆ: ಮೈಸೂರು ಸಂಸ್ಥಾನ 1941ರಲ್ಲಿ ಇಲ್ಲಿ ಸ್ಥಾಪಿಸಿದ ವನ್ಯಜೀವಿ ಉದ್ಯಾನಕ್ಕೆ ಈ ದೇವರ ಹೆಸರನ್ನೇ ಇಟ್ಟಿತು, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲೊಂದಾದ ಬಂಡೀಪುರ ಬೆಳೆದು ಬಂದದ್ದು ಆ ವೇಣುಗೋಪಾಲ ಉದ್ಯಾನದಿಂದಲೇ.

ಮಧ್ಯಾಹ್ನದ ಹೊತ್ತಿಗೆ ಬೆಟ್ಟವಿಳಿದವರು ಗುಂಡ್ಲುಪೇಟೆಗೆ ಮರಳಿ, ಚಿಕ್ಕದೇವರಾಜ ಒಡೆಯರು ತಂದೆಯ ಸ್ಮರಣೆಗಾಗಿ ಕಟ್ಟಿಸಿದ ಪರವಾಸುದೇವ ದೇವಾಲಯವನ್ನೂ, ಚಾಮರಾಜನಗರದ ದಾರಿಯಲ್ಲಿರುವ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯನ್ನೂ ನೋಡಬಹುದು. ಸಮಯ ಸಾಲದವರು ಇವೆರಡನ್ನೂ ಬಿಟ್ಟು ಕಾಡಂಚಿನ ಹಳ್ಳಿಗಳಲ್ಲೇ ಉಳಿಯುವುದು ಮೇಲು. ಆನೆ ದಾಟದಂತೆ ತೋಡಿದ ಕಂದಕ, ಸೋಲಾರ್ ತಂತಿಬೇಲಿ, ಫಸಲು ಬಲಿಯುವ ಕಾಲದಲ್ಲಿ ಕಾಡುಹಂದಿಯನ್ನೂ ಆನೆಯನ್ನೂ ಕಾಯಲು ರೈತರು ರಾತ್ರಿಯಿಡೀ ಕೂರುವ ಮರದ ಮೇಲಿನ ಅಟ್ಟಣೆ, ಇವೆಲ್ಲ ಹೂವಿನ ಹೊಲದ ಚಿತ್ರಗಳಲ್ಲಿ ಕಾಣಿಸದ ಸಂಗತಿಗಳು. ಹುಲಿ ಉಳಿದದ್ದರ ಖರ್ಚಿನಲ್ಲಿ ಒಂದು ಪಾಲನ್ನು ಈ ಹಳ್ಳಿಗಳೇ ಹೊತ್ತಿವೆ.

ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದರಿಂದ, ಊಟಿಯತ್ತ ಮುಂದುವರಿಯುವವರು ಹೊತ್ತು ನೋಡಿ ಹೊರಡಬೇಕು. ಹೂವಿನ ಹೊಲದಲ್ಲಿ ಚಿತ್ರ ತೆಗೆಸಿಕೊಳ್ಳಬಯಸುವವರು ಬದುವಿನಾಚೆ ಕಾಲಿಡುವ ಮೊದಲು ಹೊಲದವರನ್ನು ಕೇಳಬೇಕು. ತುಳಿದ ಗಿಡದ ನಷ್ಟ ಅವರದೇ ಆದ್ದರಿಂದ, ಅವರು ಹತ್ತಿಪ್ಪತ್ತು ರೂಪಾಯಿ ಕೇಳಿದರೆ ಚೌಕಾಸಿ ಮಾಡದೆ ಕೊಡಬೇಕು.